ಇದ್ದತ್ತಿನ ಬಾಗಿಲು, ವಾರ್ಡಿನ ಬಾಗಿಲು

(ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿ ಹಾಗೂ ವಾಡಿ ಪಟ್ಟಣಗಳ ಮಹಿಳೆಯರು ಮತ್ತು ಯುವಕರು ವಾಡಿಯಲ್ಲಿ ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಮುಸ್ಲಿಮ್ ಮಹಿಳೆ ಮತ್ತು ರಾಜಕೀಯ ಎಂಬ ವಿಷಯವನ್ನು ಸಂಘಟಕರು ನನಗೆ ವಹಿಸಿದ್ದಾರೆ. ಈ ವಿಷಯದ ಮೇಲೆ ಮಾತನಾಡುವವರು ಸಾಮಾನ್ಯವಾಗಿ ಮದೀನಾದಿಂದ ಆರಂಭಿಸಿ, ದಿಲ್ಲಿಯ ರಝಿಯಾ ಸುಲ್ತಾನಾರನ್ನು ಸ್ಮರಿಸಿ, ಚಪ್ಪಾಳೆಯ ನಡುವೆ ಕುಳಿತುಬಿಡುತ್ತಾರೆ. ನಾನು ಇಲ್ಲಿಂದ ಒಂದು ಗಂಟೆಯ ದಾರಿಯಲ್ಲಿರುವ ಕಲಬುರಗಿಯಿಂದ ಆರಂಭಿಸುತ್ತೇನೆ. ಮದೀನಾಕ್ಕೆ ಆಮೇಲೆ ಹೋಗೋಣ.

2017ರ ಸೆಪ್ಟೆಂಬರ್ 18ರಂದು ಖಮರುಲ್ ಇಸ್ಲಾಮ್ ಸಾಹೇಬರು ಬೆಂಗಳೂರಿನಲ್ಲಿ ನಿಧನರಾದರು. ಅವರ ಬಗ್ಗೆ ಈ ಭಾಗದಲ್ಲಿ ಪರಿಚಯ ಹೇಳಬೇಕಾಗಿಲ್ಲ. ಇಂಜಿನಿಯರಿಂಗ್ ಓದಿದವರು, 1978ರಲ್ಲಿ ಮೊದಲ ಬಾರಿಗೆ ವಿಧಾನಸಭೆಗೆ ಹೋದವರು, 1996ರಲ್ಲಿ ಜನತಾದಳದಿಂದ ಲೋಕಸಭೆಗೆ ಗೆದ್ದವರು, ಎಸ್.ಎಂ. ಕೃಷ್ಣ ಹಾಗೂ ಸಿದ್ದರಾಮಯ್ಯನವರ ಸಂಪುಟಗಳಲ್ಲಿ ಸಚಿವರಾಗಿದ್ದವರು. ಅವರನ್ನು ಒಪ್ಪುವವರೂ ಒಪ್ಪದವರೂ ಈ ಸಭೆಯಲ್ಲಿ ಇದ್ದೀರಿ. ಆದರೆ ಸುಮಾರು ನಾಲ್ಕು ದಶಕಗಳ ಕಾಲ ಕಲಬುರಗಿಯ ಮುಸ್ಲಿಮ್ ರಾಜಕೀಯವೆಂದರೆ ಅವರ ಹೆಸರೇ ಆಗಿತ್ತು ಎಂಬುದನ್ನು ಇಬ್ಬರೂ ಅಲ್ಲಗಳೆಯಲಾರಿರಿ. ಅಂಥ ಮನುಷ್ಯ ಹೋದಾಗ ಸಮುದಾಯಕ್ಕೆ ಮುಂದೆ ಯಾರು ಎಂಬ ಪ್ರಶ್ನೆ ಎದ್ದಿತು. ಉತ್ತರ ಅವರ ಮನೆಯಿಂದಲೇ ಬಂತು. ಪತ್ನಿ ಕನೀಝ್ ಫಾತಿಮಾರನ್ನು ಕಾಂಗ್ರೆಸ್ ಪಕ್ಷವು ಕಲಬುರಗಿ ಉತ್ತರದ ಅಭ್ಯರ್ಥಿಯನ್ನಾಗಿ ಮಾಡಿತು.

ಲೆಕ್ಕ ಹಾಕಿ ನೋಡಿ. ಪತಿಯನ್ನು ಕಳೆದುಕೊಂಡ ಸ್ತ್ರೀಯ ಇದ್ದತ್ ನಾಲ್ಕು ತಿಂಗಳು ಹತ್ತು ದಿನ. ಆ ಅವಧಿ ಮುಗಿದು ಮೂರೂವರೆ ತಿಂಗಳಾಗುವಷ್ಟರಲ್ಲಿ, 2018ರ ಮೇ 12ರಂದು ಮತದಾನ. ಇಷ್ಟು ಕಡಿಮೆ ಕಾಲದಲ್ಲಿ ಒಬ್ಬ ಗೃಹಿಣಿ ಶೋಕದ ಕೋಣೆಯಿಂದ ಹೊರಬಂದು, ಬಿಸಿಲಿನ ಕಲಬುರಗಿಯ ಗಲ್ಲಿಗಳಲ್ಲಿ ಮತ ಕೇಳಬೇಕಾಯಿತು. ಫಲಿತಾಂಶ ಬಂದಾಗ ಅವರಿಗೆ 64,311 ಮತಗಳು, ಬಿಜೆಪಿಯ ಚಂದ್ರಕಾಂತ ಪಾಟೀಲರಿಗೆ 58,371. ಅಂತರ 5,940. 1985ರಲ್ಲಿ ಮೈಸೂರಿನ ನರಸಿಂಹರಾಜ ಕ್ಷೇತ್ರದಿಂದ ಮುಖ್ತಾರುನ್ನಿಸಾ ಬೇಗಮ್ ಗೆದ್ದ ಬಳಿಕ 33 ವರ್ಷಗಳಿಗೆ ಕರ್ನಾಟಕ ವಿಧಾನಸಭೆಯೊಳಗೆ ಮತ್ತೊಬ್ಬ ಮುಸ್ಲಿಮ್ ಮಹಿಳೆ ಕಾಲಿಟ್ಟರು. ನಡುವೆ ನಫೀಸ್ ಫಝಲ್ ಅವರು ಮಂತ್ರಿಯಾಗಿದ್ದರು, ನಿಜ. ಆದರೆ ಅವರು ವಿಧಾನ ಪರಿಷತ್ತಿನ ಸದಸ್ಯೆ, ಜನರ ನೇರ ಮತದಿಂದ ಬಂದವರಲ್ಲ. ಮೂವತ್ತಮೂರು ವರ್ಷ! ಆ ಅವಧಿಯಲ್ಲಿ ಹುಟ್ಟಿದ ಹೆಣ್ಣುಮಗುವೊಂದು ಬೆಳೆದು, ಮದುವೆಯಾಗಿ, ತನ್ನ ಮಗಳನ್ನು ಶಾಲೆಗೆ ಸೇರಿಸುವಷ್ಟು ಕಾಲ.

2023ರಲ್ಲಿ ಅವರು ಅದೇ ಎದುರಾಳಿಯ ಮೇಲೆ ಮತ್ತೊಮ್ಮೆ ಗೆದ್ದರು. ಈ ಬಾರಿ 80,973 ಮತಗಳು, ಎದುರಾಳಿಗೆ 78,261. ಅಂತರ 2,712ಕ್ಕೆ ಇಳಿಯಿತು. ಜಾತ್ಯತೀತ ಜನತಾದಳದಿಂದ ನಿಂತಿದ್ದವರೂ ಮುಸ್ಲಿಮರೇ. ಮತಗಳು ಹಂಚಿಹೋಗುತ್ತವೆಂಬ ಆತಂಕ ಎಣಿಕೆಯ ಕೊನೆಯವರೆಗೂ ಇತ್ತು. ಮೊದಲ ಗೆಲುವನ್ನು ಅನುಕಂಪದ ಗೆಲುವು ಎಂದು ಕರೆದವರಿದ್ದಾರೆ. ಎರಡನೆಯದಕ್ಕೆ ಆ ಮಾತು ಹೊಂದುವುದಿಲ್ಲ. ಐದು ವರ್ಷಗಳಾದ ಮೇಲೆ ಯಾರೂ ಅನುಕಂಪಕ್ಕಾಗಿ ಮತ ಹಾಕುವುದಿಲ್ಲ. ಆ ಚುನಾವಣೆಯಲ್ಲಿ 224 ಸದಸ್ಯರ ಸದನಕ್ಕೆ ಆಯ್ಕೆಯಾದ ಮುಸ್ಲಿಮರು ಒಂಬತ್ತು ಮಂದಿ; ಅವರಲ್ಲಿ ಮಹಿಳೆ ಇವರೊಬ್ಬರೇ.

ಈ ಎರಡು ಚುನಾವಣೆಗಳ ನಡುವೆ ಒಂದು ಘಟನೆ ನಡೆಯಿತು. 2022ರ ಆರಂಭದಲ್ಲಿ ಉಡುಪಿಯ ಕಾಲೇಜಿನ ಹೆಣ್ಣುಮಕ್ಕಳ ತಲೆವಸ್ತ್ರದ ವಿಷಯ ರಾಜ್ಯವನ್ನೆಲ್ಲ ಆವರಿಸಿಕೊಂಡಿತು. ಫೆಬ್ರವರಿ 5ರಂದು ಸರಕಾರದ ಸಮವಸ್ತ್ರ ಆದೇಶ, ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು ಬಂದವು. ಟಿ.ವಿ.ಗಳಲ್ಲಿ ಹಗಲು ರಾತ್ರಿ ಚರ್ಚೆ. ನಮ್ಮ ಕಡೆಯಿಂದ ಮಾತನಾಡಿದವರು ಹೆಚ್ಚಾಗಿ ಗಡ್ಡ ಬಿಟ್ಟ ಪುರುಷರು. ಈ ಮಾತಿನಲ್ಲಿ ನನ್ನನ್ನೂ ಸೇರಿಸಿಕೊಳ್ಳಬಹುದು. ಆಗ ಕನೀಝ್ ಫಾತಿಮಾ ಕಲಬುರಗಿಯಲ್ಲಿ ಮಹಿಳೆಯರೊಂದಿಗೆ ಬೀದಿಗಿಳಿದು, ತಾನು ವಿಧಾನಸಭೆಯೊಳಗೂ ಇದೇ ವಸ್ತ್ರವನ್ನು ಧರಿಸಿ ಕುಳಿತುಕೊಳ್ಳುತ್ತೇನೆ, ತಡೆಯುವವರಿದ್ದರೆ ತಡೆಯಲಿ ಎಂಬ ಅರ್ಥದ ಮಾತನ್ನಾಡಿದರು. ಅದು ನೂರು ಚರ್ಚೆಗಳಿಗಿಂತ ಬಲವಾದ ವಾದವಾಗಿತ್ತು. ಏಕೆಂದರೆ ಅದನ್ನು ಹೇಳಿದವರ ತಲೆಯ ಮೇಲೆ ಆ ವಸ್ತ್ರವೂ ಇತ್ತು, ಕೈಯಲ್ಲಿ ಶಾಸನಸಭೆಯ ಸದಸ್ಯತ್ವವೂ ಇತ್ತು. ಒಂದು ಸ್ಥಾನವೆಂದರೆ ಏನೆಂಬುದು ನನಗೆ ಅಂದು ಅರ್ಥವಾದಷ್ಟು ಬೇರೆಂದೂ ಆಗಿರಲಿಲ್ಲ.

ಶಾಸಕಿಯಾಗಿ ಅವರ ಕೆಲಸದ ಬಗ್ಗೆ ಕಲಬುರಗಿಯವರಿಗೆ ದೂರುಗಳಿವೆ; ರಸ್ತೆ, ಚರಂಡಿ, ಕುಡಿಯುವ ನೀರು. ಅದನ್ನು ಅಳೆಯುವ ಹಕ್ಕು ಅವರ ಮತದಾರರದ್ದು, ಅಳೆಯುತ್ತಾರೆ. ನಾನು ಇಂದು ಕೇಳಬಯಸುವುದು ಬೇರೆ ಪ್ರಶ್ನೆ: ಅವರು ಯಾವ ಬಾಗಿಲಿನಿಂದ ಒಳಗೆ ಬಂದರು?

ಪತಿಯ ಮರಣದ ಬಾಗಿಲಿನಿಂದ. ಈ ಬಾಗಿಲು ದಖ್ಖನಿನಲ್ಲಿ ಬಹಳ ಹಳೆಯದು. 1461ರಲ್ಲಿ ಬಹಮನಿ ಸುಲ್ತಾನ ಹುಮಾಯೂನ್ ಶಹಾ ತೀರಿಕೊಂಡಾಗ ಉತ್ತರಾಧಿಕಾರಿ ಇನ್ನೂ ಬಾಲಕ. ಬೀದರಿನಲ್ಲಿ ಆಡಳಿತವನ್ನು ಹಿಡಿದು ನಿಲ್ಲಿಸಿದ್ದು ವಿಧವೆ ರಾಣಿ ಮಖ್ದೂಮಾ-ಎ-ಜಹಾನ್. ಮಹಮೂದ್ ಗವಾನ್ ಅವರ ಸಲಹಾ ಮಂಡಲಿಯಲ್ಲಿ ಒಬ್ಬರು. ಗವಾನರ ಮದರಸಾದ ಮಿನಾರನ್ನು ನೋಡಲು ನಾವು ಬೀದರಿಗೆ ಹೋಗುತ್ತೇವೆ, ಆ ರಾಣಿಯ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? 1580ರಲ್ಲಿ ವಿಜಾಪುರದ ಅಲಿ ಆದಿಲ್ ಶಹಾ ಹತನಾದ ಮೇಲೆ ಬಾಲಕ ಇಬ್ರಾಹೀಮನ ಪರವಾಗಿ ರಾಜ್ಯವನ್ನು ನೋಡಿಕೊಂಡವರು ಚಾಂದ್ ಬೀಬಿ, ಅವರೂ ವಿಧವೆ. 1595-96ರಲ್ಲಿ ಅಹಮದ್‌ನಗರದ ಕೋಟೆಯ ಮೇಲೆ ನಿಂತು ಮೊಘಲರ ಸೇನೆಯನ್ನು ಎದುರಿಸಿದವರೂ ಅವರೇ. ಅಂದರೆ ನಮ್ಮಲ್ಲಿ ಸಾಮರ್ಥ್ಯದ ಕೊರತೆ ಯಾವ ಕಾಲದಲ್ಲೂ ಇರಲಿಲ್ಲ. ಆದರೆ ಆ ಸಾಮರ್ಥ್ಯ ಹೊರಗೆ ಬರಬೇಕಾದರೆ ಮನೆಯಲ್ಲಿ ಒಂದು ಜನಾಝಾ ಏಳಬೇಕಾಗಿತ್ತು. ಐದು ನೂರು ವರ್ಷಗಳ ನಂತರವೂ ಅದೇ ಬಾಗಿಲೊಂದೇ ಏಕೆ ತೆರೆದಿರಬೇಕು?

ಬೇರೆ ಬಾಗಿಲು ಇರುವುದನ್ನು ತೋರಿಸಲು ದೂರದ ಒಂದು ಹೆಸರನ್ನು ಹೇಳುತ್ತೇನೆ. ಪಶ್ಚಿಮ ಆಫ್ರಿಕಾದಲ್ಲಿ ಮಾಲಿ ಎಂಬ ದೇಶವಿದೆ. ಜನರಲ್ಲಿ ಬಹುಪಾಲು ಮುಸ್ಲಿಮರು; ನಮ್ಮ ಮೇಲೆ ಆಂಗ್ಲರಿದ್ದಂತೆ ಅವರ ಮೇಲೆ ಫ್ರೆಂಚರಿದ್ದರು. ಅಲ್ಲಿನ ಬಮಾಕೋ ನಗರದಲ್ಲಿ 1912ರಲ್ಲಿ ಆವಾ ಕೇತಾ ಎಂಬ ಹೆಣ್ಣುಮಗು ಹುಟ್ಟಿತು. ತಾಯಿಗೆ ಮಗಳನ್ನು ಶಾಲೆಗೆ ಕಳುಹಿಸುವುದು ಇಷ್ಟವಿರಲಿಲ್ಲ, ತಂದೆ ಕಳುಹಿಸಿದರು. ಡಾಕರ್‌ಗೆ ಹೋಗಿ ಸೂಲಗಿತ್ತಿಯ ತರಬೇತಿ ಪಡೆದು 1931ರಲ್ಲಿ ಆಕೆ ಸರಕಾರಿ ನೌಕರಿಗೆ ಸೇರಿದಳು. ಮರುಭೂಮಿಯ ಅಂಚಿನಲ್ಲಿರುವ ಗಾವೊ ಎಂಬ ಊರಿನಲ್ಲಿ ವರ್ಷಗಟ್ಟಲೆ ಹೆರಿಗೆ ಮಾಡಿಸಿದಳು. ಹೆರಿಗೆಯ ಕೋಣೆಗೆ ಗಂಡಸರಿಗೆ ಪ್ರವೇಶವಿಲ್ಲವಷ್ಟೆ. ಅಲ್ಲಿ ಹೆಂಗಸರು ಮನಸ್ಸು ಬಿಚ್ಚಿ ಮಾತನಾಡುತ್ತಾರೆ. ಆಕೆ ಅವರಿಗೆ ಮತದಾನದ ವಿಷಯ ತಿಳಿಸಿದಳು, ಪಕ್ಷ ಕಟ್ಟಿದಳು. 1951ರ ಚುನಾವಣೆಯ ನಂತರ ಫ್ರೆಂಚ್ ಸರಕಾರವು ಶಿಕ್ಷೆಯಾಗಿ ದೂರದ ಊರಿಗೆ ವರ್ಗ ಮಾಡಿತು. 1959ರಲ್ಲಿ ಆಕೆ ಮಾಲಿಯ ಶಾಸನಸಭೆಯ ಮೊದಲ ಮಹಿಳಾ ಸದಸ್ಯೆಯಾದಳು. 1962ರ ವಿವಾಹ ಕಾನೂನಿನ ರಚನೆಯಲ್ಲಿ ಆಕೆಯ ಪಾತ್ರವಿತ್ತು. 1968ರಲ್ಲಿ ಸೇನೆ ಅಧಿಕಾರ ಹಿಡಿದಾಗ ಆಕೆಯ ರಾಜಕೀಯ ಜೀವನವೂ ಮುಗಿಯಿತು. ಆಕೆಯ ಪಕ್ಷದ ಸಮಾಜವಾದವನ್ನು ನಾವು ಒಪ್ಪಬೇಕೆಂದಿಲ್ಲ. ಗಮನಿಸಬೇಕಾದದ್ದು ಇಷ್ಟು: ಆಕೆ ಯಾರ ವಿಧವೆಯಾಗಿಯೂ ಬರಲಿಲ್ಲ, ಯಾರ ಮಗಳಾಗಿಯೂ ಬರಲಿಲ್ಲ. ತನ್ನ ಕೈಕೆಲಸದಿಂದ, ತಾನು ಕೆಲಸ ಮಾಡಿದ ಓಣಿಗಳಿಂದ ಬಂದಳು.

ನಮ್ಮ ಓಣಿಗಳಿಗೆ ಮರಳೋಣ. ಕಲಬುರಗಿ ಜಿಲ್ಲೆಯಲ್ಲಿ ಒಂಬತ್ತು ವಿಧಾನಸಭಾ ಕ್ಷೇತ್ರಗಳಿವೆ. ಚಿತ್ತಾಪುರ, ಚಿಂಚೋಳಿ, ಕಲಬುರಗಿ ಗ್ರಾಮೀಣ ಇವು ಪರಿಶಿಷ್ಟ ಜಾತಿಗೆ ಮೀಸಲು. ಇದರ ಬಗ್ಗೆ ಗೊಣಗುವ ಯುವಕರನ್ನು ನಾನು ಕಂಡಿದ್ದೇನೆ. ಗೊಣಗಬೇಡಿ, ಸಾವಿರಾರು ವರ್ಷ ಊರ ಹೊರಗೆ ಇಟ್ಟವರಿಗೆ ಸಂವಿಧಾನ ಕೊಟ್ಟ ಸ್ಥಾನವದು. ಶಹಾಬಾದ್ ಎಂಬ ಕ್ಷೇತ್ರವೇ 2008ರ ಪುನರ್ವಿಂಗಡಣೆಯಲ್ಲಿ ಇಲ್ಲವಾಯಿತು. ಹೀಗಾಗಿ ನಿಮ್ಮ ಐದು ಪಟ್ಟಣಗಳ ಪೈಕಿ ಸಾಮಾನ್ಯ ಕ್ಷೇತ್ರವಾಗಿ ಉಳಿದಿರುವುದು ಸೇಡಂ ಒಂದೇ, ಅಲ್ಲಿ ಯಾವ ಪಕ್ಷವೂ ಮುಸ್ಲಿಮ್ ಮಹಿಳೆಗೆ ಟಿಕೆಟು ಕೊಡುವ ಲಕ್ಷಣ ಕಾಣುವುದಿಲ್ಲ. ಸಂಸತ್ತು 2023ರಲ್ಲಿ ಮಹಿಳಾ ಮೀಸಲಾತಿಯ ತಿದ್ದುಪಡಿಯನ್ನು ಅಂಗೀಕರಿಸಿತು. ಅದಕ್ಕೆ ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆಯ ಷರತ್ತನ್ನು ಹಾಕಿತು, ಹಿಂದುಳಿದವರಿಗೂ ಅಲ್ಪಸಂಖ್ಯಾತರಿಗೂ ಒಳಮೀಸಲಾತಿಯನ್ನು ಇಡಲಿಲ್ಲ. ಅದನ್ನು ನಂಬಿ ಕುಳಿತುಕೊಳ್ಳುವಂತಿಲ್ಲ.

ಆದರೆ ಶಹಾಬಾದಿನಲ್ಲಿ ನಗರಸಭೆ ಇದೆ. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಗಳಲ್ಲಿ ಪುರಸಭೆಗಳಿವೆ. ಕರ್ನಾಟಕವು 1983ರ ಕಾನೂನಿನಲ್ಲೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಲ್ಲಿ ಸ್ತ್ರೀಯರಿಗೆ ನಾಲ್ಕನೆಯ ಒಂದು ಭಾಗ ಸ್ಥಾನಗಳನ್ನು ಇಟ್ಟ ರಾಜ್ಯ. ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದ ಮೇಲೆ ಪಟ್ಟಣಗಳ ಸಭೆಗಳಲ್ಲೂ ಮೂರನೆಯ ಒಂದಕ್ಕೆ ಕಡಿಮೆಯಿಲ್ಲದಂತೆ ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ಅಂದಿನಿಂದ ಈ ಪಟ್ಟಣಗಳಲ್ಲಿ ನಮ್ಮ ಸಮುದಾಯದ ಮಹಿಳೆಯರು ಗೆದ್ದು ಬರುತ್ತಲೇ ಇದ್ದಾರೆ. ಮೂವತ್ತು ವರ್ಷಗಳಿಂದ ತೆರೆದಿರುವ ಬಾಗಿಲು ಇದು. ಇದರೊಳಗೆ ಹೋಗಲು ಯಾರೂ ಸಾಯಬೇಕಾಗಿಲ್ಲ.

ಈ ಬಾಗಿಲಿಗೆ ನಾವೇನು ಮಾಡಿದೆವು? ವಾರ್ಡು ಮಹಿಳಾ ಮೀಸಲು ಎಂದು ಪ್ರಕಟವಾದ ದಿನ ಜಮಾಅತಿನ ಹಿರಿಯರು ಸೇರುತ್ತಾರೆ. ಯಾವ ಹೆಂಗಸು ಯೋಗ್ಯಳು ಎಂದು ಯಾರೂ ಕೇಳುವುದಿಲ್ಲ. ಯಾವ ಗಂಡಸಿನ ಹೆಂಡತಿ ಎಂದು ಕೇಳುತ್ತಾರೆ. ಕರಪತ್ರದಲ್ಲಿ ಹೆಸರು ಆಕೆಯದು, ಫೋಟೊ ಆತನದು. ಗೆದ್ದ ಮೇಲೆ ಆತನೇ ‘ಮೆಂಬರ್ ಸಾಬ್’. ಪತ್ರಕರ್ತನಾಗಿ ನಾನು ಒಂದು ಪುರಸಭೆಯ ಸದಸ್ಯೆಗೆ ಫೋನು ಮಾಡಿದೆ. ಆ ಊರನ್ನು ಹೇಳುವುದಿಲ್ಲ, ಇಲ್ಲಿ ಕುಳಿತವರಲ್ಲಿ ಕೆಲವರಿಗೆ ಮುಜುಗರವಾದೀತು. ಪತಿ ಫೋನು ಎತ್ತಿದರು. ಅವರೊಡನೆ ಮಾತನಾಡಬೇಕಿತ್ತು ಎಂದೆ. ‘ನಾನೇ ಮೆಂಬರು, ಹೇಳಿ’ ಎಂದರು. ಮೂರು ಬಾರಿ ಕೇಳಿದೆ, ಮೂರು ಬಾರಿಯೂ ಅವರೇ ಮೆಂಬರು. ಕೊನೆಗೆ ನನ್ನ ಪ್ರಶ್ನೆಗೆ ಉತ್ತರವಾಗಿ, ಅದೆಲ್ಲ ಮನೆಯವಳಿಗೆ ತಿಳಿಯುವುದಿಲ್ಲ ಎಂದರು. ತಿಳಿಯದವಳಿಗೆ ಮತ ಕೊಡಿ ಎಂದು ಓಣಿಯಲ್ಲಿ ಕೈಮುಗಿದವರೂ ಅವರೇ.

ಇದು ಕೇವಲ ನಗುವ ವಿಷಯವಲ್ಲ. ಸ್ಥಾನವೊಂದು ಅಮಾನತ್. ಮತದಾರರು ಅದನ್ನು ಒಬ್ಬ ವ್ಯಕ್ತಿಯ ಕೈಗೆ ಒಪ್ಪಿಸುತ್ತಾರೆ. ಆಕೆಯ ಸಹಿ ಇದ್ದ ಪ್ರತಿಯೊಂದು ಠರಾವಿಗೂ ಪರಲೋಕದಲ್ಲಿ ಉತ್ತರ ಹೇಳಬೇಕಾದವಳು ಆಕೆ. ಓದದೆ ಸಹಿ ಹಾಕಿಸಿದವನೂ ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರ. ಜುಮಾ ಖುತ್ಬಾಗಳಲ್ಲಿ ಬಡ್ಡಿಯ ಬಗ್ಗೆ, ವರದಕ್ಷಿಣೆಯ ಬಗ್ಗೆ ಕೇಳಿದ್ದೇವೆ. ಹೆಂಡತಿಯ ಹೆಸರಿನಲ್ಲಿ ಪುರಸಭೆಯ ಟೆಂಡರಿಗೆ ಸಹಿ ಹಾಕಿಸುವುದರ ಬಗ್ಗೆ ಒಂದು ಖುತ್ಬಾ ನಾನು ಇನ್ನೂ ಕೇಳಿಲ್ಲ.

ಇಲ್ಲಿ ಉಲಮಾಗಳು ಕೇಳುವ ಒಂದು ಪ್ರಶ್ನೆಯನ್ನು ಬದಿಗಿಡಲಾರೆ. ನಾನೂ ಮದರಸಾದಲ್ಲಿಯೇ ಓದಿದವನು. ತನ್ನ ವ್ಯವಹಾರವನ್ನು ಸ್ತ್ರೀಗೆ ಒಪ್ಪಿಸಿದ ಜನಾಂಗ ಏಳಿಗೆಯಾಗದು ಎಂಬ ಅರ್ಥದ ಹದೀಸ್ ಬುಖಾರಿಯಲ್ಲಿದೆ. ಪರ್ಷಿಯಾದ ದೊರೆಯ ಮಗಳು ಸಿಂಹಾಸನವೇರಿದ ಸುದ್ದಿ ಬಂದಾಗ ಪ್ರವಾದಿವರ್ಯರು(ಸ) ಆ ಮಾತನ್ನು ಹೇಳಿದರು. ಪೂರ್ವಿಕ ವಿದ್ವಾಂಸರಲ್ಲಿ ಹೆಚ್ಚಿನವರು ಇದನ್ನು ಸರ್ವೋಚ್ಚ ಅಧಿಕಾರಕ್ಕೆ ಅನ್ವಯಿಸಿದರು. ಭೋಪಾಲದಲ್ಲಿ 1819ರಿಂದ 1926ರವರೆಗೆ ನಾಲ್ವರು ಬೇಗಮರು ಆಳಿದರು. ಅಂಥ ಆಡಳಿತದ ಪ್ರಶ್ನೆ ಬಂದಾಗ ಮೌಲಾನಾ ಅಶ್ರಫ್ ಅಲಿ ಥಾನವಿಯವರು, ಸಮಾಲೋಚನೆಯಿಂದ ನಡೆಯುವ ಆಡಳಿತ ಈ ಹದೀಸಿನ ವ್ಯಾಪ್ತಿಗೆ ಬರುವುದಿಲ್ಲ ಎಂಬ ನಿಲುವನ್ನು ತಳೆದರು. 1965ರ ಜನವರಿಯಲ್ಲಿ ಪಾಕಿಸ್ತಾನದ ಅಧ್ಯಕ್ಷ ಚುನಾವಣೆಗೆ ಫಾತಿಮಾ ಜಿನ್ನಾ ನಿಂತಾಗ, ಸರ್ವಾಧಿಕಾರಿಯ ಎದುರು ಮೌಲಾನಾ ಮೌದೂದಿಯವರು ಅವರನ್ನು ಬೆಂಬಲಿಸಿದರು. ಇಷ್ಟು ದೊಡ್ಡ ವಿದ್ವಾಂಸರು ಅಧ್ಯಕ್ಷ ಪದವಿಯವರೆಗೆ ಚರ್ಚಿಸಿರುವಾಗ, ಇಪ್ಪತ್ತು ಮೂವತ್ತು ಮಂದಿ ಸೇರಿ ನೀರು, ದೀಪ, ಚರಂಡಿಯ ನಿರ್ಧಾರ ಮಾಡುವ ಪುರಸಭೆಯ ವಾರ್ಡಿಗೆ ಈ ಹದೀಸನ್ನು ಎಳೆತರುವುದು ನ್ಯಾಯವಲ್ಲ.

ಹುದೈಬಿಯಾದ ಘಟನೆ ನಿಮಗೆಲ್ಲ ಗೊತ್ತಿದೆ. ಒಪ್ಪಂದದಿಂದ ಮನನೊಂದ ಸಹಾಬಿಗಳು, ಬಲಿ ಕೊಟ್ಟು ತಲೆ ಬೋಳಿಸಿರೆಂಬ ಆಜ್ಞೆಯಾದರೂ ಏಳದೆ ಕುಳಿತಿದ್ದರು. ಪ್ರವಾದಿವರ್ಯರು(ಸ) ಡೇರೆಗೆ ಬಂದು ಪತ್ನಿ ಉಮ್ಮು ಸಲಮಾರಿಗೆ(ರ) ಇದನ್ನು ತಿಳಿಸಿದರು. ಯಾರೊಡನೆಯೂ ಮಾತನಾಡದೆ ಹೊರಗೆ ಹೋಗಿ ಮೊದಲು ತಾವೇ ಬಲಿ ನೀಡಿ, ತಲೆ ಬೋಳಿಸಿಕೊಳ್ಳಿ ಎಂದು ಅವರು ಸಲಹೆ ಕೊಟ್ಟರು. ಹಾಗೆಯೇ ಮಾಡಿದರು, ಎಲ್ಲರೂ ಎದ್ದರು. ಇಡೀ ಸಮುದಾಯದ ಬಿಕ್ಕಟ್ಟನ್ನು ಬಿಡಿಸಿದ್ದು ಒಬ್ಬ ಸ್ತ್ರೀಯ ಸಲಹೆ. ಅದನ್ನು ಕೇಳಿದವರು ಅಲ್ಲಾಹನ ಪ್ರವಾದಿ. ನಮ್ಮ ಮೆಂಬರ್ ಸಾಬರಿಗೆ ಮಾತ್ರ ಮನೆಯವಳಿಗೆ ಏನೂ ತಿಳಿಯುವುದಿಲ್ಲ!

ಈಗ ಸಹೋದರಿಯರಿಗೆ ಒಂದು ಮಾತು. ಇದು ನಿಮಗೆ ರುಚಿಸದಿರಬಹುದು. ಗಂಡಂದಿರು ಸಭೆಗೆ ಬಂದು ಕುಳಿತುಕೊಳ್ಳುವುದಕ್ಕೆ ಅವರ ದರ್ಪವೊಂದೇ ಕಾರಣವಲ್ಲ. ಪುರಸಭೆಯ ಅಜೆಂಡಾ ಕನ್ನಡದಲ್ಲಿ ಬರುತ್ತದೆ. ನಡಾವಳಿ ಪುಸ್ತಕ ಕನ್ನಡದಲ್ಲಿ ಇರುತ್ತದೆ. ನಮ್ಮ ಹೆಣ್ಣುಮಕ್ಕಳು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ, ಮನೆಯಲ್ಲಿ ದಖ್ಖನಿ ಆಡಿ, ಕನ್ನಡವನ್ನು ಸಂತೆಯಲ್ಲಿ ತರಕಾರಿ ಕೊಳ್ಳುವಷ್ಟು ಮಾತ್ರ ಕಲಿಯುತ್ತಾರೆ. ಆ ಕಾಗದ ಕೈಗೆ ಬಂದಾಗ ಅದನ್ನು ಓದುವವನು ಗಂಡ ಅಥವಾ ಮಗ. ಓದುವವನೇ ಅರ್ಥ ಹೇಳುತ್ತಾನೆ, ಅರ್ಥ ಹೇಳುವವನೇ ನಿರ್ಧಾರವನ್ನೂ ಮಾಡುತ್ತಾನೆ. ಉರ್ದು ನಮ್ಮ ದೀನೀ ಜ್ಞಾನದ ಭಾಷೆ, ಅದನ್ನು ಬಿಡಿ ಎಂದು ನಾನು ಎಂದೂ ಹೇಳಲಾರೆ. ಆದರೆ ಕನ್ನಡ ಇಲ್ಲಿನ ಆಡಳಿತದ ಭಾಷೆ. ಸೇಡಮ್ಮಿನ ಪಕ್ಕದಲ್ಲೇ ಮಳಖೇಡ ಇದೆ, ಸಾವಿರದ ನೂರು ವರ್ಷಗಳ ಹಿಂದೆ ಕವಿರಾಜಮಾರ್ಗ ಹುಟ್ಟಿದ ರಾಷ್ಟ್ರಕೂಟರ ರಾಜಧಾನಿ. ಆ ಊರಿನ ಮುಸ್ಲಿಮ್ ಹೆಣ್ಣುಮಗಳು ತನ್ನ ಪುರಸಭೆಯ ನೋಟೀಸನ್ನು ಓದಲಾರಳು ಎಂದರೆ ಅದರಲ್ಲಿ ಸರಕಾರದ ಪಾಲಿಗಿಂತ ನಮ್ಮ ಪಾಲು ದೊಡ್ಡದು. ನಮ್ಮ ಮದರಸಾಗಳು, ಬೇಸಿಗೆ ಶಿಬಿರಗಳು ವಾರಕ್ಕೆ ಮೂರು ಗಂಟೆಗಳನ್ನು ಕನ್ನಡಕ್ಕೆ ಕೊಡಲಿ. ಕಥೆ ಕವಿತೆ ಆಮೇಲೆ. ಮೊದಲು ಅರ್ಜಿ, ಅಜೆಂಡಾ, ನಡಾವಳಿ, ಬಜೆಟ್ಟಿನ ಪುಟ.

ಕೆಲಸಕ್ಕೆ ಕೊರತೆಯಿಲ್ಲ. ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಘಟಕಗಳ ಧೂಳನ್ನು ಉಸಿರಾಡುವವರು ಯಾರ ಮಕ್ಕಳು? ಕಾಗಿಣಾ ನದಿಯ ದಂಡೆಯ ಊರುಗಳಲ್ಲಿ ಏಪ್ರಿಲ್ ಬಂದರೆ ಕೊಡ ಹಿಡಿದು ನಿಲ್ಲುವವರು ಯಾರು? ವಾಡಿಯ ಈ ಜಂಕ್ಷನ್ನಿನಲ್ಲಿ ಹಗಲಿರುಳು ರೈಲುಗಳು ನಿಲ್ಲುತ್ತವೆ, ಸಿಮೆಂಟಿನ ಕಾರ್ಖಾನೆ ನಡೆಯುತ್ತದೆ. ಸಂತೆಗೆ ಬಂದ ಹೆಂಗಸಿಗೆ ಒಂದು ಶೌಚಾಲಯಕ್ಕಾಗಿ ಎಷ್ಟು ದೂರ ನಡೆಯಬೇಕಾಗುತ್ತದೆ ಎಂಬುದು ಯಾವ ಮೆಂಬರ್ ಸಾಬರಿಗೂ ತಿಳಿಯದು. ಅವರ ಹೆಂಡತಿಗೆ ತಿಳಿದಿದೆ. ಸಭೆಯಲ್ಲಿ ಕೂರಬೇಕಾದವಳೂ ಅವಳೇ.

ಪರದೆಯ ಆಚೆಯಿಂದ ಒಬ್ಬ ಸಹೋದರಿ ಚೀಟಿ ಕಳುಹಿಸಿದ್ದಾರೆ. ಉರ್ದುವಿನಲ್ಲಿದೆ, ಸುಂದರವಾದ ಅಕ್ಷರ. ಹೆಸರು ಬರೆದಿಲ್ಲ. ಅವರು ಗೆದ್ದ ಸದಸ್ಯೆಯೇ. ಸಭೆಗೆ ತಾವೊಬ್ಬರೇ ಹೋದರೆ ಪತಿಗೆ ಬೇಸರವಾಗುತ್ತದೆ, ಪತಿಯೊಂದಿಗೆ ಹೋದರೆ ಅಧಿಕಾರಿಗಳು ಪತಿಯೊಂದಿಗೇ ಮಾತನಾಡುತ್ತಾರೆ, ಏನು ಮಾಡಲಿ ಎಂದು ಕೇಳಿದ್ದಾರೆ. ಸಹೋದರೀ, ನಿಮ್ಮ ಪತಿ ಈ ಸಭೆಯಲ್ಲಿದ್ದರೆ ಅವರಿಗೂ ಕೇಳಲಿ. ಅವರು ನಿಮ್ಮನ್ನು ಪುರಸಭೆಯ ಬಾಗಿಲವರೆಗೆ ಬಿಟ್ಟು ಬರಲಿ, ಹೊರಗೆ ಚಹಾ ಕುಡಿಯುತ್ತ ಕಾಯಲಿ. ಚುನಾಯಿತ ಸದಸ್ಯರ ಸಾಲಿನಲ್ಲಿ ಕುಳಿತುಕೊಳ್ಳುವ ಹಕ್ಕು ಕಾನೂನಿನಲ್ಲಿ ಅವರಿಗಿಲ್ಲ, ನಿಮಗಿದೆ. ಮೊದಲ ಎರಡು ಸಭೆಗಳಲ್ಲಿ ಏನನ್ನೂ ಮಾತನಾಡಬೇಡಿ, ಕೇಳಿಸಿಕೊಳ್ಳಿ. ಮುಂದಿನ ಸಭೆಯ ಅಜೆಂಡಾ ಬಂದಾಗ ಕಾಲೇಜಿಗೆ ಹೋಗುವ ಮಗಳೋ ತಂಗಿಯೋ ಇದ್ದರೆ ಅವಳಿಂದ ಅಕ್ಷರ ಅಕ್ಷರವಾಗಿ ಓದಿಸಿಕೊಳ್ಳಿ. ನಿಮ್ಮ ವಾರ್ಡಿನ ಒಂದೇ ಒಂದು ವಿಷಯವನ್ನು ಹಿಡಿದುಕೊಂಡು ದಖ್ಖನಿ ಬೆರೆತ ಕನ್ನಡದಲ್ಲೇ ಎದ್ದು ಕೇಳಿ. ಯಾರಾದರೂ ನಕ್ಕರೆ ನಗಲಿ. ನಿಮ್ಮ ಪ್ರಶ್ನೆ ನಡಾವಳಿಯಲ್ಲಿ ನಿಮ್ಮ ಹೆಸರಿನೊಂದಿಗೆ ದಾಖಲಾಗಬೇಕೆಂದು ಮುಖ್ಯಾಧಿಕಾರಿಗೆ ಹೇಳಿ, ಮುಂದಿನ ಸಭೆಯಲ್ಲಿ ಅದು ದಾಖಲಾಗಿದೆಯೇ ಎಂದು ಪುಸ್ತಕ ತರಿಸಿ ನೋಡಿ.